ಬ್ಯಾಡಗಿ ಬೂಷ್ಟಿನ ಬೆನ್ನು ಹತ್ತಿ ಹಂಗೇರಿಗೆ

ಹಾವೇರಿ

ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಷ್ಟು ಕಾಲ ನಾನು ಪ್ರಯಾಣ ಮಾಡಿದ್ದೆಲ್ಲ ನಿಂತುಕೊಂಡೇ. ರಾಣೆಬೆನ್ನೂರಿನಿಂದ ಕುಪ್ಪೇಲೂರು, ಹಾವೇರಿಯಿಂದ ಹೊಸರಿತ್ತಿ, ಬ್ಯಾಡಗಿಯಿಂದ ಮತ್ತೆ ರಾಣೆಬೆನ್ನೂರು. ಈ ದಾರಿಗಳ ಒಂದೊಂದು ತೆಗ್ಗೂ ನನ್ನ ಮೊಣಕಾಲಿಗೆ ಗೊತ್ತು. ಕಿಟಕಿ ಪಕ್ಕ ಕೂತು ಪ್ರಯಾಣ ಮಾಡುವ ಯೋಗ ನಿವೃತ್ತಿಯಾದ ಮೇಲೆ ಬಂತು, ಅದೂ ವಿಮಾನದಲ್ಲಿ. ತೊಡೆಯ ಮೇಲೆ ವರ್ಷ ತುಂಬದ ಮೊಮ್ಮಗಳು ಇದ್ದುದರಿಂದ ಹೊರಗೆ ನೋಡಲು ಆಗಲಿಲ್ಲ, ಆ ಮಾತು ಬೇರೆ.

ನಿಜವಾಗಿ ಹೋಗಬೇಕಾದವಳು ನನ್ನ ಹೆಂಡತಿ ಗೌರವ್ವ. ನಮ್ಮ ಸೊಸೆ ವಿದ್ಯಾ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಬೆಳೆರೋಗದ ಪ್ರಯೋಗಾಲಯ ನೋಡಿಕೊಳ್ಳುತ್ತಾಳೆ. ಹಂಗೇರಿ ದೇಶದ ಸೆಗೆಡ್ ಎಂಬ ಊರಿನಲ್ಲಿ ಕೆಲವು ತಿಂಗಳು ಕೆಲಸ ಮಾಡುವ ಅವಕಾಶ ಅವಳಿಗೆ ಸಿಕ್ಕಿತು. ಮಗ ಮಂಜುನಾಥ ಹಾವೇರಿಯಲ್ಲಿ ಹೈಸ್ಕೂಲು ಮಾಸ್ತರ, ಅಷ್ಟು ದಿನ ರಜೆ ಸಿಗುವಂತಿರಲಿಲ್ಲ. ಕೂಸು ಇಂಚರಾ ಇನ್ನೂ ತಾಯಿಯ ಹಾಲು ಬಿಟ್ಟಿರಲಿಲ್ಲ. ಹೀಗಾಗಿ ಅತ್ತೆ ಜೊತೆಗೆ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಗೌರವ್ವ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು.

“ನೀವ ಹೋಗ್ರಿ,” ಎಂದಳು, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು.

“ನಾನೇನು ಕೂಸು ನೋಡಿಕೊಳ್ಳಾಕ ಬಲ್ಲೆ?”

“ತುಂಬಿದ ಬಸ್ಸಿನ್ಯಾಗ ಮಂದಿ ಕೂಸುಗಳನ್ನ ಎತ್ತಿಕೊಂಡು ನಿಂದರ್ತಿದ್ರಲ್ಲ, ಇದೂ ಹಂಗ ಅಂತ ತಿಳೀರಿ.”

ವಿದ್ಯಾ ಏನು ಹುಡುಕಲು ಹೊರಟಿದ್ದಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳ ಕಂಪನಿ ಕೆಲವು ವರ್ಷಗಳ ಹಿಂದೆ ಬ್ಯಾಡಗಿಯ ಬಣ್ಣವೇ ಇರುವ, ಆದರೆ ಕಾಯಿ ಕೊಳೆಯದ ಒಂದು ಮೆಣಸಿನಕಾಯಿ ತಳಿ ತಂದಿತ್ತು. ಹಣ್ಣಾಗುವ ಹೊತ್ತಿಗೆ ಕಾಯಿಯ ಮೇಲೆ ಒತ್ತಿದಂಥ ಕಪ್ಪು ಕಲೆ ಎದ್ದು, ಒಣಗಿದಾಗ ಬಣ್ಣವೇ ಹೋಗಿ ಬಿಳಿಚಿಕೊಳ್ಳುವ ರೋಗ ಅದು. ಒಂದು ಬೂಷ್ಟಿನಿಂದ ಬರುತ್ತದೆ. ಹೊಸ ತಳಿಗೆ ಆ ಬೂಷ್ಟು ತಾಗುತ್ತಿರಲಿಲ್ಲ. ಎಲ್ಲರೂ ಅದನ್ನೇ ಹಾಕಿದರು. ಕುಪ್ಪೇಲೂರಿನಲ್ಲಿರುವ ನನ್ನ ತಂಗಿ ಶಾಂತವ್ವ ಊರಿಗೆಲ್ಲ ಮೊದಲು ಹಾಕಿದವಳು. ಆದರೆ ಹೋದ ವರ್ಷ ಅವಳ ಹೊಲದಲ್ಲಿ ಅದೇ ತಳಿ ಕೊಳೆಯಿತು. ನೋಡಲು ಬಂದ ಕಂಪನಿಯ ಹುಡುಗರು, ನೀರು ಹೆಚ್ಚು ಬಿಟ್ಟಿದ್ದೀರಿ, ಔಷಧ ಹೊತ್ತಿಗೆ ಹೊಡೆದಿಲ್ಲ, ತಪ್ಪು ನಿಮ್ಮದೇ ಎಂದು ಹೇಳಿ ಹೋದರು. ಬ್ಯಾಡಗಿ ಪೇಟೆಯಲ್ಲಿ ಶಾಂತವ್ವನ ಕಾಯಿಗೆ ಯಾವತ್ತೂ ಹೆಸರು. ಆ ಸಲ ಅವಳ ಚೀಲಗಳನ್ನು ಬಿಳಿಗಾಯಿಯ ರಾಶಿಗೆ ಸರಿಸಿದ್ದನ್ನು ಕಂಡು, ಯಾರ ಜೊತೆಗೂ ಮಾತಾಡದೆ ಬಸ್ಸು ಹತ್ತಿ ಮನೆಗೆ ಬಂದಳಂತೆ.

ತಪ್ಪು ಶಾಂತವ್ವ ಅತ್ತೆಯದೋ, ಬೂಷ್ಟೇ ಬದಲಾಗಿದೆಯೋ. ವಿದ್ಯಾಗೆ ಅದು ತಿಳಿಯಬೇಕಿತ್ತು, ಬೂಷ್ಟಿನ ಡಿಎನ್‌ಎ ಓದುವುದರಲ್ಲಿ ಪಳಗಿದವರು ಸೆಗೆಡ್‌ನಲ್ಲಿದ್ದರು.

ಬುಡಾಪೆಸ್ಟ್

ಜೀವಂತ ಬೂಷ್ಟನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯುವುದು ಸರಿಯಲ್ಲ, ಅಲ್ಲಿಯ ಬೆಳೆಗೆ ಅಪಾಯ. ಅದಕ್ಕೆ ವಿದ್ಯಾ ಅದರಿಂದ ಡಿಎನ್‌ಎ ಮಾತ್ರ ಬಿಡಿಸಿ, ಕಿರುಬೆರಳಿನ ತುದಿಯಷ್ಟಿರುವ ನಳಿಕೆಗಳಲ್ಲಿ ತುಂಬಿ, ಮಂಜಿನ ಪೊಟ್ಟಣ ಇಟ್ಟ ಡಬ್ಬಿಯಲ್ಲಿ ಜೋಪಾನ ಮಾಡಿದ್ದಳು. ಕೆಲವು ನಳಿಕೆ ತಳಿ ಚೆನ್ನಾಗಿದ್ದ ಕಾಲದ ಬೂಷ್ಟಿನವು, ಉಳಿದವು ಕುಪ್ಪೇಲೂರು, ಬ್ಯಾಡಗಿ, ಹೊಸರಿತ್ತಿ ಕಡೆ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಕೊಳೆತ ಕಾಯಿಯವು. ಎಲ್ಲ ಕಾಗದಪತ್ರ ಇದ್ದವು. ಡಬ್ಬಿ ಅವಳ ಕೈಚೀಲದಲ್ಲೇ ಇತ್ತು. ನಡುವೆ ವಿಮಾನ ಬದಲಿಸುವಾಗ, ಇದು ಚಿಕ್ಕ ವಿಮಾನ, ಚೀಲ ಕೆಳಗೆ ಹಾಕಲೇಬೇಕು ಎಂದು ಬಾಗಿಲಲ್ಲಿ ಕಸಿದುಕೊಂಡರು. ವಿದ್ಯಾ ಕಾಗದ ತೋರಿಸಿದಳು, ಬೇಡಿಕೊಂಡಳು. ನಗುನಗುತ್ತಲೇ ಕಸಿದುಕೊಂಡರು. ಹಾಗೆ ನಗುತ್ತ ಸೀಟು ಬಿಡಿಸುವ ಕಲೆ ನನಗೂ ಗೊತ್ತು, ಆದರೆ ಅದನ್ನು ಅನುಭವಿಸಿದ್ದು ಅಂದೇ.

ಬುಡಾಪೆಸ್ಟಿನಲ್ಲಿ ಸಾಮಾನು ಬರುವ ಪಟ್ಟಿ ಸುತ್ತುತ್ತಲೇ ಇತ್ತು. ನಮ್ಮ ಜೋಳದ ಹಿಟ್ಟಿನ ಚೀಲ ಬಂತು. ಖಾರದಪುಡಿಯ ಡಬ್ಬಿ ಇದ್ದ ಪೆಟ್ಟಿಗೆ ಬಂತು. ವಿದ್ಯಾಳ ಕೈಚೀಲ ಬರಲಿಲ್ಲ. ಬೇರೆ ಯಾವುದೋ ಊರಿಗೆ ಹೋಗಿದೆ, ತರಿಸಿ ಕೊಡುತ್ತೇವೆ ಎಂದು ಹೇಳಿ ಚೀಟಿ ಬರೆದುಕೊಟ್ಟರು.

ಸೆಗೆಡ್‌ಗೆ ರೈಲಿನಲ್ಲಿ ಹೊರಟೆವು. ವಿದ್ಯಾ ಆ ಚೀಟಿಯನ್ನೇ ಮಡಚಿ ಬಿಡಿಸುತ್ತ ಕೂತಳು. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಎಂದು ನಾನೇ ಹೊರಗಿನದನ್ನು ಹೇಳುತ್ತ ಕೂತೆ. ಹೇಳಲು ಬೇಕಾದಷ್ಟಿತ್ತು. ಗುಡ್ಡವೇ ಇಲ್ಲದ ಬಯಲು, ಕರಿ ಎರೆಮಣ್ಣು, ತಲೆ ಬಾಗಿಸಿ ನಿಂತ ಸೂರ್ಯಕಾಂತಿ, ಗೋವಿನಜೋಳ. ನಿಲ್ದಾಣದ ಹಲಗೆ ಓದದಿದ್ದರೆ ಇದು ರಾಣೆಬೆನ್ನೂರು ತಾಲೂಕು ಎಂದು ಕಣ್ಣು ಮುಚ್ಚಿ ಟಿಕೆಟ್ ಹರಿಯುತ್ತಿದ್ದೆ.

“ಮಾವಾರ,” ಎಂದಳು ವಿದ್ಯಾ ಕೊನೆಗೆ, “ನಮ್ಮ ಹೊಲಾನೂ ಬಂದಾವ, ಹಿಟ್ಟೂ ಬಂದೈತಿ, ಖಾರಾನೂ ಬಂದೈತಿ. ನನ್ನ ಡಬ್ಬಿ ಒಂದ ಬಂದಿಲ್ಲ ನೋಡ್ರಿ.”

ಮಾರ್ತಾ ನೇನಿಯ ಮನೆ

ನಮಗೆ ಸಿಕ್ಕಿದ್ದು ಒಂದು ಹಳೆಯ ಮನೆಯ ಮೇಲಿನ ಎರಡು ಕೋಣೆ. ಕೆಳಗೆ ಮನೆಯೊಡತಿ ಮಾರ್ತಾ ಇರುತ್ತಿದ್ದರು. ಮಕ್ಕಳ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ನನ್ನದೇ ವಯಸ್ಸು. ಆ ದೇಶದಲ್ಲಿ ಹಿರಿಯ ಹೆಂಗಸರ ಹೆಸರಿನ ಕೊನೆಗೆ ‘ನೇನಿ’ ಎಂದು ಸೇರಿಸಿ ಕರೆಯುತ್ತಾರೆ. ನಾವು ಅತ್ತಿ, ಚಿಗವ್ವ ಎಂದು ಸಂಬಂಧವಿಲ್ಲದವರನ್ನೂ ಕರೆಯುತ್ತೇವಲ್ಲ, ಹಾಗೆ. ಇದು ತಿಳಿದ ಮೇಲೆ ನನಗೆ ಅರ್ಧ ಧೈರ್ಯ ಬಂತು. ಮನೆಯೊಳಗೆ ಬರುವಾಗ ಅವರೂ ಚಪ್ಪಲಿ ಹೊರಗೆ ಬಿಡುತ್ತಾರೆ ಎಂದು ಕಂಡಾಗ ಉಳಿದರ್ಧವೂ ಬಂತು.

ಆದರೆ ಮಾತು ಉಲ್ಟಾ. ಎದುರು ಸಿಕ್ಕಾಗ ‘ಸಿಯಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಮತ್ತೆ ನೋಡೋಣ ಎಂದ ಹಾಗೆ ಕೇಳಿಸುತ್ತದೆ. ಹೊರಡುವಾಗ ‘ಹಲೋ’ ಎನ್ನುತ್ತಾರೆ. ಮೊದಲ ದಿನ ಮಾರ್ತಾ ನೇನಿ ಸೂಪು ತಂದುಕೊಟ್ಟು, “ಹಲೋ, ಹಲೋ!” ಎಂದು ಬಾಗಿಲ ಕಡೆ ಹೊರಟರು. ಮಾತು ಈಗ ಶುರುವಾಗುತ್ತದೆ ಎಂದುಕೊಂಡು ನಾನು ಕುರ್ಚಿ ಎಳೆದು ಹಾಕಿ, “ಹಲೋ, ಕುಂದರ್ರಿ,” ಎಂದೆ. ಪಾಪ, ಅವರು ಕೂತರು. ಇಬ್ಬರೂ ಬಹಳ ಹೊತ್ತು ನಗುತ್ತ ಕೂತೆವು. ವಿದ್ಯಾ ಬಂದು ಬಿಡಿಸಿದಳು.

ಇನ್ನೊಂದು ಪಜೀತಿ ಮೊಸರಿನದು. ಅಂಗಡಿಯಲ್ಲಿ ಬೆಳ್ಳಗೆ ಗಟ್ಟಿಯಾಗಿದ್ದ ಒಂದು ಡಬ್ಬಿ ತಂದು, ನೀರು ಹಾಕಿ ಕಡೆದು ಮಜ್ಜಿಗೆ ಮಾಡಿದೆ. ಕುಡಿದರೆ ನಾಲಿಗೆಗೆ ಎಣ್ಣೆ ಸವರಿದ ಹಾಗೆ. ಅದು ಹುಳಿ ಬರಿಸಿದ ಕೆನೆ, ಸೂಪಿನ ಮೇಲೆ ಒಂದು ಚಮಚ ಹಾಕಿಕೊಳ್ಳುವಂಥದ್ದು. ನಾನು ಲೋಟಗಟ್ಟಲೆ ಕುಡಿಯುವುದನ್ನು ಕಂಡ ಮಾರ್ತಾ ನೇನಿ ತಮ್ಮ ಎದೆ ಮುಟ್ಟಿಕೊಂಡು, ಆಕಾಶ ತೋರಿಸಿ, ಕೈ ಮುಗಿದರು. ಆ ಸನ್ನೆ ಯಾವ ಭಾಷೆಯವರಿಗೂ ತಿಳಿಯುತ್ತದೆ. ಮರುದಿನ ಅವರೇ ಬೇರೆ ಡಬ್ಬಿ ತಂದುಕೊಟ್ಟರು. ಅದು ನಮ್ಮ ಮಜ್ಜಿಗೆಯ ಖಾಸಾ ತಂಗಿ.

ಟ್ರಾಮು

ವಿದ್ಯಾ ಬೆಳಗ್ಗೆ ಪ್ರಯೋಗಾಲಯಕ್ಕೆ ಹೋಗುವಳು. ಮಧ್ಯಾಹ್ನ ಹಾಲೂಡಿಸಲು ನಾನು ಇಂಚರಾಳನ್ನು ಅಲ್ಲಿಗೇ ಕರೆದೊಯ್ಯುವುದು. ಟ್ರಾಮಿನಲ್ಲಿ ಹೋಗಬೇಕು. ರಸ್ತೆಯ ನಡುವೆಯೇ ಹಳಿ, ಎರಡೂ ಕಡೆ ದೊಡ್ಡ ಮರಗಳ ನೆರಳು, ಟ್ರಾಮು ನಿಂತರೆ ಬಾಗಿಲು ತಾನೇ ತೆರೆಯುತ್ತದೆ. ಹತ್ತಿದೆ. ಕಂಡಕ್ಟರ್ ಎಲ್ಲಿ ಎಂದು ಹುಡುಕಿದೆ. ಇಲ್ಲ. ಟಿಕೆಟ್ ನಾವೇ ಮೊದಲು ಕೊಂಡಿರಬೇಕು, ಒಳಗಿನ ಸಣ್ಣ ಯಂತ್ರದಲ್ಲಿ ನಾವೇ ಮುದ್ರೆ ಒತ್ತಬೇಕು. ಕೇಳುವವರಿಲ್ಲ, ಚಿಲ್ಲರೆಗೆ ಜಗಳವಿಲ್ಲ, ಮುಂದೆ ಸರಿಯಿರಿ ಎನ್ನುವವರಿಲ್ಲ. ಒಂದು ಬೋಗಿ ತುಂಬ ಜನ ಇದ್ದೂ ಅಷ್ಟು ಮೌನ. ನನ್ನ ಒಂದು ಕೈ ತನ್ನಷ್ಟಕ್ಕೇ ಬಗಲಿನ ಟಿಕೆಟ್ ಚೀಲ ಹುಡುಕಿತು.

ಹೋಗುತ್ತ ರೂಢಿಯಾಯಿತು. ರೂಢಿಯಾದ ಮೇಲೆಯೇ ಸಿಕ್ಕಿಬಿದ್ದಿದ್ದು. ಆ ದಿನ ಮಾರ್ತಾ ನೇನಿಯೂ ಪೇಟೆಗೆಂದು ಜೊತೆಗಿದ್ದರು. ಇಂಚರಾ ಅಳುತ್ತಿದ್ದಳು, ಅವಳನ್ನು ಸಮಾಧಾನ ಮಾಡುವ ಗಡಿಬಿಡಿಯಲ್ಲಿ ಮುದ್ರೆ ಒತ್ತುವುದು ಮರೆತೆ. ಮುಂದಿನ ನಿಲುಗಡೆಯಲ್ಲಿ ತಪಾಸಣೆಯವನು ಹತ್ತಿದ. ನನ್ನ ಟಿಕೆಟ್ ತಿರುಗಿಸಿ ಮುರುಗಿಸಿ ನೋಡಿ ತಲೆ ಅಲ್ಲಾಡಿಸಿದ. ಜೀವಮಾನವೆಲ್ಲ ಟಿಕೆಟ್ ಕೇಳಿದ ನಾನು ಟಿಕೆಟಿಲ್ಲದವನಾಗಿ ನಿಂತೆ. ಆಗ ಮಾರ್ತಾ ನೇನಿ ಎದ್ದರು. ಅವರು ಏನು ಹೇಳಿದರೋ ನನಗೆ ತಿಳಿಯದು. ‘ಇಂಡಿಯಾ’ ಎಂಬುದು ಕೇಳಿಸಿತು, ‘ಬಾಬಾ, ಬಾಬಾ’ ಎಂದು ಪದೇ ಪದೇ ಕೇಳಿಸಿತು. ನನ್ನನ್ನು ಯಾರೋ ಸಾಧು ಎಂದು ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲಿ ಕೂಸಿಗೆ ಬಾಬಾ ಎನ್ನುತ್ತಾರಂತೆ. ತಪಾಸಣೆಯವನು ನನ್ನ ಟಿಕೆಟ್ಟನ್ನು ತಾನೇ ಯಂತ್ರಕ್ಕೆ ಒತ್ತಿ, ಕೂಸಿನ ಗಲ್ಲ ಮುಟ್ಟಿ, ಇಳಿದು ಹೋದ. ನನ್ನ ಕಾಲದಲ್ಲಿ ನಾನು ಇಷ್ಟು ಸುಲಭಕ್ಕೆ ಯಾರನ್ನೂ ಬಿಟ್ಟದ್ದು ನೆನಪಿಲ್ಲ.

ಪ್ರಯೋಗಾಲಯ

ಕಳೆದುಹೋದ ಕೈಚೀಲ ಅಷ್ಟರಲ್ಲಿ ಬಂದಿತ್ತು. ದಿನಗಟ್ಟಲೆ ಎಲ್ಲೆಲ್ಲೋ ತಿರುಗಿ, ಒಳಗಿನ ಮಂಜೆಲ್ಲ ನೀರಾಗಿ, ಮೂಲೆ ಜಜ್ಜಿಕೊಂಡು ಬಂದಿತ್ತು. ಪ್ರಯೋಗಾಲಯದ ಹಿರಿಯರು ಇಲೋನಾ ಎಂಬ ಪ್ರೊಫೆಸರು, ಬಿಳಿಕೂದಲಿನ ಎತ್ತರದ ಹೆಂಗಸು. ಮಾತು ಕಡಿಮೆ. ಇಂಚರಾಳಿಗೆ ಹಾಲೂಡಿಸಲು ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ನಾನು ಕೂಸನ್ನು ಎತ್ತಿಕೊಂಡು ಹೋದಾಗ ಇಬ್ಬರೂ ಒಂದು ಪರದೆಯ ಮುಂದೆ ನಿಂತಿದ್ದರು. ಇಲೋನಾ ವಿದ್ಯಾಳ ಬೆನ್ನ ಮೇಲೆ ಕೈ ಇಟ್ಟು ಹೊರಗೆ ಹೋದರು. ವಿದ್ಯಾ ಕೂಸನ್ನು ಎದೆಗೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತಳು.

“ಕೆಟ್ಟ ಹೋದುವೇನವಾ?” ಎಂದೆ.

“ಪೂರಾ ಕೆಟ್ಟಿಲ್ಲ. ಎಳಿ ತುಂಡ ತುಂಡ ಆಗ್ಯಾವ ಮಾವಾರ. ನನಗ ಉದ್ದನ ಎಳಿ ಬೇಕಾಗಿದ್ವು.”

“ತುಂಡಾದ್ರ ಓದಾಕ ಬರಂಗಿಲ್ಲೇನು?”

ಅವಳು ಕಣ್ಣೊರೆಸಿಕೊಂಡು ಹೇಳಿದಳು. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬೂಷ್ಟಿನ ಒಂದೊಂದು ಕೋಶದಲ್ಲೂ ಅದರ ಸಮಸ್ತ ಗುಣ ಬರೆದಿಟ್ಟ ಡಿಎನ್‌ಎ ಎಳೆಗಳಿರುತ್ತವೆ. ಆ ಬರಹದಲ್ಲಿ ಕೆಲವು ಭಾಗಗಳು ಇದ್ದಲ್ಲಿ ಇರುವುದಿಲ್ಲ. ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಸೇರುತ್ತವೆ. ಕೆಲವು ತಮ್ಮದೇ ನಕಲು ಮಾಡಿ ಎಲ್ಲೆಲ್ಲೋ ತೂರಿಸುತ್ತವೆ. ಹೀಗಾಗಿ ಒಂದೇ ಥರದ ತುಂಡು ಹಲವಾರು ಕಡೆ ಇರುತ್ತದೆ. ಚೂರುಚೂರಾದ ಎಳೆಯಲ್ಲಿ ಇಂಥ ತುಂಡು ಸಿಕ್ಕರೆ, ಅದು ಯಾವ ಜಾಗದ್ದು ಎಂದು ಹೇಳಲಾಗದು. ಅದರ ಎಡಬಲದ ಬರಹವೂ ಕೂಡಿಯೇ ಸಿಗುವಷ್ಟು ಎಳೆ ಉದ್ದವಿರಬೇಕು.

“ಅವು ಯಾಕ ಜಿಗೀತಾವ?” ಎಂದು ಕೇಳಿದೆ.

“ಯಾಕ ಅಂತ ಇಲ್ಲ ಮಾವಾರ. ಜಿಗದ ಜಿಗದ ಉಳಕೊಂಡು ಬಂದಾವ, ಅಷ್ಟ. ತಪ್ಪ ಜಾಗಾಕ್ಕ ಬಿದ್ರ ಆ ಬೂಷ್ಟು ಸಾಯ್ತೈತಿ, ನಮಗ ಕಾಣಂಗಿಲ್ಲ. ಬೂಷ್ಟೂ ಸುಮ್ನ ಕುಂದರಂಗಿಲ್ಲ, ಎಷ್ಟೋ ತುಂಡುಗಳನ್ನ ತಾನ ಕೆಡಿಸಿ ಜಿಗೀದಂಗ ಮಾಡ್ತೈತಿ. ಆದ್ರೂ ಒಮ್ಮೊಮ್ಮೆ ಒಂದು ತುಂಡು ಬೂಷ್ಟಿಗೆ ಲಾಭ ಆಗೋ ಜಾಗಾಕ್ಕ ಬೀಳ್ತೈತಿ.”

ನಮ್ಮ ತಳಿಯ ಗಿಡಕ್ಕೆ ಆ ಬೂಷ್ಟನ್ನು ಗುರುತು ಹಿಡಿಯುವ ಶಕ್ತಿ ಇತ್ತಂತೆ. ಒಳಗೆ ನುಗ್ಗುವಾಗ ಬೂಷ್ಟು ಒಂದು ವಸ್ತುವನ್ನು ಬಿಡುತ್ತದೆ, ಗಿಡ ಅದನ್ನು ಗುರುತಿಸಿ ಆ ಜಾಗವನ್ನೇ ಒಣಗಿಸಿ ದಾರಿ ಮುಚ್ಚುತ್ತದೆ. ಜಿಗಿಯುವ ತುಂಡೊಂದು ಆ ವಸ್ತು ತಯಾರಿಸುವ ಬರಹದ, ಅಂದರೆ ಅದರ ಜೀನಿನ, ನಡುವೆಯೇ ಬಿದ್ದಿದ್ದರೆ, ಬೂಷ್ಟು ಇನ್ನು ಅದನ್ನು ತಯಾರಿಸಲಾರದು, ಗಿಡಕ್ಕೆ ಗುರುತೂ ಸಿಗದು. ಇದು ವಿದ್ಯಾಳ ಅನುಮಾನ. ಅನುಮಾನವನ್ನು ಖಾತ್ರಿ ಮಾಡುವ ಎಳೆಗಳೇ ಹರಿದುಹೋಗಿದ್ದವು.

ಅವಳು ಕಂಪನಿಯ ಸಾಹೇಬರಿಗೆ ಫೋನು ಮಾಡಿ ಹೊಸದಾಗಿ ಡಿಎನ್‌ಎ ಕಳಿಸಬೇಕೆಂದು ಕೇಳಿದಳು. ಇದ್ದುದರಲ್ಲೇ ಮುಗಿಸಿಕೊಂಡು ಬಾ ಎಂದರು ಅವರು. ಅವಳು ಬಿಡಲಿಲ್ಲ. ಕೊನೆಗೆ, ಕಳಿಸುವುದಾದರೆ ಕಳಿಸಲಿ ಎಂದರು. ರಾಣೆಬೆನ್ನೂರಿನಲ್ಲಿ ಅವಳ ಜೊತೆ ಕೆಲಸ ಮಾಡುವ ಸಲೀಮ, ಜೋಪಾನವಾಗಿಟ್ಟಿದ್ದ ಬೂಷ್ಟನ್ನು ಮತ್ತೆ ಬೆಳೆಸಿ, ಎಳೆ ಹರಿಯದಂತೆ ಬಿಡಿಸಿ ಕಳಿಸಲು ಒಪ್ಪಿದ. “ಅಕ್ಕಾ, ಲಗೂ ಆಗಂಗಿಲ್ಲ. ಆದ್ರ ಖರೇ ಮಾಲು ಬರ್ತೈತಿ,” ಎಂದನಂತೆ.

ಮೆಣಸಿನಕಾಯಿ ಪೋಣಿಸಿದ್ದು

ಕಾಯುವುದೇ ಕೆಲಸವಾಯಿತು. ಸೆಪ್ಟೆಂಬರಿನಲ್ಲಿ ಅಲ್ಲಿ ಮೆಣಸಿನಕಾಯಿಯ ಸುಗ್ಗಿ. ಸೆಗೆಡ್‌ನ ಕಾಯಿಗೂ ಬ್ಯಾಡಗಿಯ ಹಾಗೆ ಬಣ್ಣಕ್ಕೇ ಹೆಸರು, ಖಾರ ಹೆಸರಿಗಷ್ಟೇ. ಆದರೆ ಅವರು ನಮ್ಮ ಹಾಗೆ ಕಣದಲ್ಲಿ ಹರವಿ ಒಣಗಿಸುವುದಿಲ್ಲ. ಮಾರ್ತಾ ನೇನಿ ತಮ್ಮ ಹಿತ್ತಲಿನ ಕಾಯಿಗಳನ್ನು ಒಂದು ಬುಟ್ಟಿ ತುಂಬ ತಂದು ಅಂಗಳದಲ್ಲಿ ಕೂತರು. ದಬ್ಬಳದಂಥ ಸೂಜಿ, ಗಟ್ಟಿ ದಾರ. ಒಂದೊಂದೇ ಕಾಯಿಯ ತೊಟ್ಟಿಗೆ ಚುಚ್ಚಿ ಹಾರ ಮಾಡಿ, ಗೋಡೆಗೆ ತೂಗು ಹಾಕುವುದು. ನನ್ನ ಕೈಗೂ ಒಂದು ಸೂಜಿ ಕೊಟ್ಟರು. ಇಂಚರಾ ನಡುವೆ ಚಾದರದ ಮೇಲೆ ಕೂತು ಹಾರದ ತುದಿ ಎಳೆಯುತ್ತಿದ್ದಳು. ಮೆಣಸಿನಕಾಯಿ ಮುಟ್ಟಿದ ಕೂಸು ಕಣ್ಣಿಗೆ ಕೈ ಹಾಕುತ್ತದೆಂದು ನಾನು ಹೌಹಾರಿ ಅವಳ ಕೈ ಹಿಡಿದೆ. ಮಾರ್ತಾ ನೇನಿ ನಕ್ಕು, ಒಂದು ಕಾಯಿ ಮುರಿದು ತಿರುಳನ್ನು ತಮ್ಮ ನಾಲಿಗೆಗೆ ಒತ್ತಿ ತೋರಿಸಿದರು. ಖಾರವಿಲ್ಲ, ಸಿಹಿ ಎಂದು ಸನ್ನೆ. ನಾನೂ ತಿಂದೆ. ಗಜ್ಜರಿಯ ರುಚಿ.

ನಾನು ಮೇಲೆ ಹೋಗಿ ನಮ್ಮ ಖಾರದಪುಡಿ ತಂದೆ. ಅವರು ಒಂದು ಚಿಟಿಕೆ ಬಿಳಿ ತಟ್ಟೆಗೆ ಹಾಕಿ, ಪಕ್ಕದಲ್ಲಿ ತಮ್ಮ ಪುಡಿ ಹಾಕಿ, ಕನ್ನಡಕ ಏರಿಸಿ ಬಗ್ಗಿ ನೋಡಿದರು. ಎರಡರ ಬಣ್ಣದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಅವರು ಬೆರಳು ಅದ್ದಿ ನೆಕ್ಕಿದರು. ಆಮೇಲೆ ಮಾತ್ರ ಒಳಗೆ ಓಡಿದರು, ರೊಟ್ಟಿಯ ಚೂರು ಬಾಯಲ್ಲಿ ತುಂಬಿಕೊಂಡು ಬಂದರು. ಆದರೂ ಹೋಗುವಾಗ ಒಂದು ಸಣ್ಣ ಶೀಶೆ ತುಂಬಿಸಿಕೊಂಡೇ ಹೋದರು.

ಒಂದು ಮಧ್ಯಾಹ್ನ ಮಂಜುನಾಥ ಫೋನಿನಲ್ಲಿ ಮುಖ ತೋರಿಸಿದ. ಇಂಚರಾ ಪರದೆಯ ಮೇಲೆ ಕೈ ಬಡಿದು, “ಅಪ್ಪಾ,” ಎಂದಳು. ಅದೇ ಮೊದಲ ಮಾತು. ನನ್ನ ಮಗ ಫೋನನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದ. ನನಗಿಂತ ಮೊದಲು ಕುಣಿದವರು ಮಾರ್ತಾ ನೇನಿ. “ಅಪಾ! ಅಪಾ!” ಎಂದು ಚಪ್ಪಾಳೆ ತಟ್ಟಿದರು. ಅವರ ಭಾಷೆಯಲ್ಲೂ ತಂದೆಗೆ ಅಪಾ ಎಂದೇ ಅನ್ನುತ್ತಾರೆ. ಕೂಸು ತಮ್ಮ ಭಾಷೆ ಕಲಿಯಿತೆಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನು ತಿದ್ದಲು ಹೋಗಲಿಲ್ಲ.

ಶಾಂತವ್ವನೂ ಫೋನು ಮಾಡುತ್ತಿದ್ದಳು. ಕೂಸಿನ ಬಗ್ಗೆ ಕೇಳುವಳು, ಚಳಿಯ ಬಗ್ಗೆ ಕೇಳುವಳು. ಹೊಲದ ಮಾತು ಎತ್ತುತ್ತಿರಲಿಲ್ಲ. ಮೊದಲೆಲ್ಲ ಅವಳ ಬಾಯಲ್ಲಿ ಹೊಲ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಈ ವರ್ಷ ಮೆಣಸಿನಕಾಯಿ ಎಷ್ಟು ಹಾಕಿದಿ ಎಂದು ನಾನೇ ಕೇಳಿದೆ.

“ಒಂದೀಟ ಹಾಕೇನಿ ಅಣ್ಣಾ. ಮನಿಗೆ ಸಾಕು.” ಆಮೇಲೆ ದನಿ ತಗ್ಗಿಸಿ, “ನನ್ನ ಕೈಯಾಗ ಮೊದಲಿನ ಗುಣ ಉಳಿದಿಲ್ಲೇನೋ,” ಎಂದಳು.

ತಿಸಾ ನದಿಯ ದಂಡೆ

ಸಲೀಮನ ಡಬ್ಬಿ ಬಂದಾಗ ಮರಗಳ ಎಲೆ ಹಳದಿಯಾಗಿದ್ದವು. ಎಳೆಗಳು ಉದ್ದಕ್ಕಿದ್ದವು. ಅವುಗಳನ್ನು ಓದುವ ಯಂತ್ರ ಅಂಗೈಯಷ್ಟೇ ಇದೆ. ಇಷ್ಟು ದೂರ ಬಂದದ್ದು ಇದಕ್ಕೇನಾ ಎಂದು ನನಗೆ ನಗು ಬಂತು. ಓದಿದ್ದನ್ನು ಜೋಡಿಸಿ ನೋಡಲು ಮತ್ತಷ್ಟು ದಿನ ಬೇಕಾಯಿತು. ಒಂದು ಮಧ್ಯಾಹ್ನ ನಾನು ಕೂಸನ್ನು ಕರೆದುಕೊಂಡು ಹೋದರೆ ವಿದ್ಯಾ ಬಾಗಿಲಲ್ಲೇ ನಿಂತಿದ್ದಳು. ಹಾಲೂಡಿಸಿದವಳೇ, “ಬರ್ರಿ ಮಾವಾರ, ನದಿ ಕಡೆ ಹೋಗೂಣು,” ಎಂದಳು. ತಿಸಾ ಎಂಬ ನದಿ ಊರ ನಡುವೆಯೇ ಹರಿಯುತ್ತದೆ. ತುಂಗಭದ್ರೆಯಷ್ಟು ಅಗಲ, ಕಲ್ಲುಬಂಡೆ ಇಲ್ಲ, ಸದ್ದಿಲ್ಲ. ದಂಡೆಯ ಮೆಟ್ಟಿಲ ಮೇಲೆ ಕೂತೆವು.

“ಸಿಕ್ತು,” ಎಂದಳು.

ಹಳೆಯ ಬೂಷ್ಟಿನಲ್ಲಿ ಆ ಜೀನು ಅಖಂಡವಾಗಿತ್ತು. ಕೊಳೆತ ಕಾಯಿಯ ಬೂಷ್ಟಿನಲ್ಲಿ ಸರಿಯಾಗಿ ಅದರ ನಡುವೆ ಜಿಗಿಯುವ ತುಂಡೊಂದು ಕೂತಿತ್ತು. ಕುಪ್ಪೇಲೂರಿನದರಲ್ಲೂ ಬ್ಯಾಡಗಿ ಹತ್ತಿರದ್ದರಲ್ಲೂ ಒಂದೇ ತುಂಡು, ಒಂದೇ ಜಾಗ. ಹೊಸರಿತ್ತಿ ಕಡೆಯದರಲ್ಲಿ ಮಾತ್ರ ಬೇರೊಂದು ತುಂಡು ಅದೇ ಜೀನಿನ ಇನ್ನೊಂದು ಜಾಗದಲ್ಲಿ ಬಿದ್ದಿತ್ತು.

“ಅಂದ್ರ ಎರಡು ಸಲ ಆಗೈತಿ ಮಾವಾರ, ಬ್ಯಾರೆ ಬ್ಯಾರೆ. ಎಲ್ಲಾ ಹೊಲದಾಗ ಅದೊಂದ ತಳಿ ಹಾಕಿದ್ವಿ. ಗುರುತು ಸಿಗದ ಬೂಷ್ಟು ಎಲ್ಲಿ ಹುಟ್ಟಿದ್ರೂ ಅದಕ್ಕ ಊರೆಲ್ಲ ಊಟ ಇಟ್ಟಂಗ ಆತು. ನೀರು ಎಷ್ಟ ಬಿಟ್ರೂ, ಬಿಡದಿದ್ರೂ ಅಷ್ಟ.”

“ಹಂಗಾರ ಶಾಂತವ್ವಂದು...”

“ಅತ್ತಿಯದು ಏನೂ ತಪ್ಪಿಲ್ಲ.”

ಅವಳು ಜೋರಾಗಿ ನಗತೊಡಗಿದಳು, ನಗುತ್ತಲೇ ಅತ್ತಳು. ಇಂಚರಾ ಅವಳ ಮೂಗು ಹಿಡಿದಳು. ನಾನು ನೀರು ನೋಡಿದೆ. ಅವಳನ್ನು ಮದುವೆ ಮಾಡಿ ಮನೆಗೆ ತಂದುಕೊಂಡ ದಿನದಿಂದ ಅವಳು ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹೋಗುವುದನ್ನೇ ಕಂಡಿದ್ದೆ. ಅಲ್ಲಿ ಅವಳು ಏನು ಮಾಡುತ್ತಾಳೆಂದು ಕೂತು ಕೇಳಿದ್ದು ಈ ಊರಿಗೆ ಬಂದ ಮೇಲೆಯೇ.

ಮರುದಿನ ಸಾಹೇಬರ ಫೋನು ಬಂತು. ವಿದ್ಯಾ ಅಡುಗೆಮನೆಯಲ್ಲಿ ನಿಂತು ಮಾತಾಡಿದಳು, ನಾನು ರೊಟ್ಟಿ ತಟ್ಟುತ್ತಿದ್ದೆ. ಕೆಲಸ ಚೆನ್ನಾಗಿದೆ ಎಂದು ಹೊಗಳಿದರಂತೆ. ಆಮೇಲೆ, ಬೀಜದ ಪೊಟ್ಟಣ ಮುದ್ರಣಕ್ಕೆ ಹೊರಟಿವೆ, ಕೊಳೆರೋಗ ತಾಳುವ ತಳಿ ಎಂದೇ ಬರೆದಿದೆ, ಈ ಹಂಗಾಮು ಮುಗಿಯುವವರೆಗೆ ಇದು ನಮ್ಮೊಳಗೇ ಇರಲಿ ಎಂದರಂತೆ. ಅವಳು ಫೋನು ಇಟ್ಟು ಕುರ್ಚಿಯಲ್ಲಿ ಕೂತಳು.

“ಮಾವಾರ, ನಾ ಏನ್ ಮಾಡ್ಲಿ?”

ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದೆ. ನನಗೂ ಭಯವಿತ್ತು. ಅವಳ ನೌಕರಿ ಹೋದರೆ ಮನೆಯಲ್ಲಿ ಎಲ್ಲರಿಗೂ ತಟ್ಟುತ್ತದೆ.

“ನೌಕರಿ ನಿಂದವಾ. ನಾ ಹಿಂಗ ಮಾಡು ಅಂತ ಹೇಳಂಗಿಲ್ಲ. ನೀ ಏನ್ ಮಾಡಿದ್ರೂ ಮನ್ಯಾಗ ಯಾರೂ ನಿನ್ನ ಕೇಳಂಗಿಲ್ಲ, ಅದಕ್ಕ ನಾ ಜವಾಬ್ದಾರ. ಆದ್ರ ಶಾಂತವ್ವ ಫೋನ್ ಮಾಡಿದಾಗ ನಾ ಗೊತ್ತಿಲ್ಲ ಅನ್ನಾಕ ಆಗಂಗಿಲ್ಲ.”

ಅವಳು ಎದ್ದು ಕೂಸಿನ ಬಟ್ಟೆ ಮಡಚಿಟ್ಟಳು. ರೊಟ್ಟಿ ತಣ್ಣಗಾಯಿತು. ಆಮೇಲೆ ಸಾಹೇಬರಿಗೆ ತಾನೇ ಫೋನು ಹಚ್ಚಿದಳು. “ಸರ್, ವರದಿ ಬರೀತೇನ್ರಿ, ಇದ್ದದ್ದು ಇದ್ದಂಗ ಬರೀತೇನಿ. ಇಲ್ಲಿ ಪ್ರಯೋಗಾಲಯದವರ ಮುಂದ ಹೇಳೂದು ಮೊದಲ ಒಪ್ಪಂದ ಆಗೈತಿ, ಹೇಳ್ತೇನಿ. ಪೊಟ್ಟಣದ ಮ್ಯಾಲ ಏನ್ ಬರೀಬೇಕು ಅಂಬೂದು ನಿಮಗ ಬಿಟ್ಟದ್ದು. ಆದ್ರ ನಮ್ಮ ಶಾಂತವ್ವತ್ತಿಗೆ ಇವತ್ತ ಹೇಳ್ತೇನ್ರಿ. ನಿಮಗ ಗೊತ್ತಿರಲಿ ಅಂತ ಮೊದಲ ಹೇಳಿದೆ.” ಆ ಕಡೆಯಿಂದ ಏನು ಬಂತೋ, ಅವಳು “ಹೂಂ ಸರ್,” ಎಂದಷ್ಟೇ ಹೇಳಿ ಇಟ್ಟಳು. ಕೂಡಲೇ ಶಾಂತವ್ವನ ನಂಬರು ಒತ್ತಿದಳು.

ಶಾಂತವ್ವ ಫೋನು ಎತ್ತಿದಾಗ ಅಲ್ಲಿ ದನಗಳ ಗಂಟೆಯ ಸದ್ದು ಕೇಳುತ್ತಿತ್ತು. ವಿದ್ಯಾ ನಿಧಾನವಾಗಿ ಎಲ್ಲ ಹೇಳಿದಳು. ಜಿಗಿಯುವ ತುಂಡು, ಗುರುತು ತಪ್ಪಿದ ಗಿಡ. ಫೋನು ಕಡಿದುಹೋಯಿತೇನೋ ಎಂದುಕೊಂಡೆವು.

“ಅತ್ತಿ? ಅದೀರೇನ್ರಿ?”

“ಅದೇನಿ ಅವ್ವಾ.” “ಹಂಗಾರ ನೀರಿಂದ ಅಲ್ಲ?”

“ಅಲ್ಲ ಅತ್ತಿ.”

“ಔಷಧ ನಾ ಹೊತ್ತಿಗೆ ಹೊಡದಿದ್ದೆ, ಖರೇ ಹೇಳ್ತೇನಿ.”

“ಹೊಡದಿದ್ರಿ. ನಿಮ್ಮ ಕೈಯಾಗ ಏನೂ ಕೆಟ್ಟಿಲ್ಲ.”

ಶಾಂತವ್ವ ಮೂಗು ಸೀಟಿದ್ದು ಕೇಳಿಸಿತು. ಆಮೇಲೆ ಅವಳ ದನಿ ಏರಿತು, ನನ್ನ ತಂಗಿಯ ಹಳೆಯ ದನಿ. “ಅಣ್ಣ ಅದಾನೇನು ಅಲ್ಲಿ? ಅವಗ ಹೇಳು, ಬದುವಿನ ಕಡಿ ಹೊಲ ನಾನು ಪಾಲಿಗೆ ಕೊಡಾಕ ಹೊಂಟಿದ್ದೆ, ಕೊಡಂಗಿಲ್ಲ ಅಂತ. ನೀ ಬಾ ಲಗೂನ, ಮುಂದ ಏನ್ ಹಾಕಬೇಕು ಕುಂತು ಮಾತಾಡೂಣು.” ಅವಳು ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು ಬೇಸಾಯ ಬಿಡುವ ವಿಚಾರದಲ್ಲಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

ಸೆಗೆಡ್ ನಿಲ್ದಾಣ

ವಿದ್ಯಾ ಪ್ರಯೋಗಾಲಯದವರ ಮುಂದೆ ಮಾತಾಡಿದ ದಿನ ನಾನು ಹಿಂದಿನ ಸಾಲಿನಲ್ಲಿ ಕೂಸನ್ನು ಇಟ್ಟುಕೊಂಡು ಕೂತಿದ್ದೆ. ಇಂಗ್ಲಿಷು ಅಲ್ಲಲ್ಲಿ ತಿಳಿಯಿತು. ‘ಕುಪ್ಪೇಲೂರು’ ಎಂದು ಗೋಡೆಯ ಮೇಲಿನ ನಕ್ಷೆಯಲ್ಲಿ ಬಂದಾಗ ಮಾತ್ರ ನೆಟ್ಟಗೆ ಕೂತೆ. ಮುಗಿದ ಮೇಲೆ ಇಲೋನಾ ನನ್ನ ಬಳಿ ಬಂದು, ನಿಧಾನ ಇಂಗ್ಲಿಷಿನಲ್ಲಿ, ನಿಮ್ಮ ಸೊಸೆ ಒಳ್ಳೆಯ ವಿಜ್ಞಾನಿ ಎಂದು ಹೇಳಿ ಕೈ ಕುಲುಕಿದರು. ನಾನು ಯೆಸ್ ಎಂದು ಕೂಸಿನ ಕೈಯನ್ನೂ ಮುಂದೆ ಚಾಚಿದೆ.

ನವೆಂಬರಿನ ಮಂಜಿನಲ್ಲಿ ಹೊರಟೆವು. ಮಾರ್ತಾ ನೇನಿ ನಿಲ್ದಾಣದವರೆಗೂ ಬಂದರು. ಇಂಚರಾಳಿಗೆ ತಾವೇ ಹೆಣೆದ ಉಣ್ಣೆಯ ಟೊಪ್ಪಿಗೆ ಹಾಕಿ, ಗದ್ದದ ಕೆಳಗೆ ಗಂಟು ಕಟ್ಟಿ, ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. ಹಾವೇರಿಯಲ್ಲಿ ಅದನ್ನು ಹಾಕುವ ಚಳಿ ಬೀಳುವುದಿಲ್ಲ. ಆದರೂ ಕೂಸಿನ ತಲೆಯಿಂದ ಅದನ್ನು ತೆಗೆಯಲು ನನಗೆ ದಾರಿಯುದ್ದಕ್ಕೂ ಮನಸ್ಸಾಗಲಿಲ್ಲ.

ಕುಪ್ಪೇಲೂರು

ಮನೆಗೆ ಬಂದ ಮೇಲೆ ಕೆಲವು ವಾರ ಕಂಪನಿಯಲ್ಲಿ ಯಾರೂ ವಿದ್ಯಾಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳು ಹೋಗುವಳು, ಕೆಲಸ ಮಾಡುವಳು, ಬರುವಳು. ಬೇರೆ ಕಡೆ ಕೆಲಸ ನೋಡಬೇಕಾದೀತು ಎಂದು ಗೌರವ್ವನ ಮುಂದೆ ಹೇಳಿದ್ದಳಂತೆ. ಅಷ್ಟರಲ್ಲಿ ಇನ್ನೂ ಹಲವು ಊರುಗಳಿಂದ ಕೊಳೆತ ಕಾಯಿಯ ಸುದ್ದಿ ಬರತೊಡಗಿತು. ಸಾಹೇಬರು ವರದಿಯನ್ನು ಮತ್ತೆ ತೆಗೆಸಿ ಓದಿದರು. ಪೊಟ್ಟಣದ ಮೇಲಿನ ಮಾತು ತೆಗೆದುಹಾಕಿದರು. ಆಮೇಲೆ ಒಂದು ದಿನ, ನಿಮ್ಮ ಅತ್ತೆಯ ಹೊಲ ನೋಡಬೇಕು ಎಂದು ವಿದ್ಯಾಳಿಗೆ ಹೇಳಿದರಂತೆ. ನಾನೂ ಇಂಚರಾಳನ್ನು ಎತ್ತಿಕೊಂಡು ಹೋದೆ.

ಶಾಂತವ್ವ ಅವರನ್ನು ಹೊಲದಲ್ಲೆಲ್ಲ ತಿರುಗಾಡಿಸಿದಳು. ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂಡಿಸಿ, ಮಂಡಕ್ಕಿ, ಮಿರ್ಚಿ ಭಜಿ ಕೊಟ್ಟಳು. ಮುಂದಿನ ವರ್ಷ ಒಂದೇ ತಳಿ ಹಾಕುವುದು ಬೇಡ, ಬೂಷ್ಟನ್ನು ಬೇರೆ ಬೇರೆ ಗುರುತಿನಿಂದ ಹಿಡಿಯುವ ತಳಿಗಳನ್ನು ಹಂಚಿ ಹಾಕಿ ನೋಡೋಣ ಎಂದು ವಿದ್ಯಾ ಹೇಳಿದಳು. ಖಾತ್ರಿ ಕೊಡಲು ಆಗುವುದಿಲ್ಲ, ಬೂಷ್ಟು ಮತ್ತೆ ಬದಲಾದೀತು ಎಂದೂ ಹೇಳಿದಳು. ಶಾಂತವ್ವ ಗೋಣು ಹಾಕಿದಳು. ಸಾಹೇಬರು ತಟ್ಟೆ ಕೆಳಗಿಟ್ಟು, ಸ್ವಲ್ಪ ತಡವರಿಸಿ ಹೇಳಿದರು.

“ಅವ್ವಾರ, ನಮ್ಮ ಹುಡುಗ್ರು ಹೋದ ವರ್ಷ ನಿಮ್ಮದ ತಪ್ಪು ಅಂತ ಹೇಳಿ ಹೋದ್ರು. ಅದು ತಪ್ಪಾತು. ನಿಮ್ಮ ಬೇಸಾಯದಾಗ ಏನೂ ಕಡಿಮಿ ಇರಲಿಲ್ಲ.”

ಶಾಂತವ್ವ ಸೆರಗು ಕೊಡವಿ ಎದ್ದಳು. ಬದುವಿನವರೆಗೆ ನಡೆದು ಹೋಗಿ, ಪಕ್ಕದ ಹೊಲದಲ್ಲಿ ಕಾಯಿ ಬಿಡಿಸುತ್ತಿದ್ದ ನೀಲವ್ವನನ್ನು ಕೂಗಿದಳು. ಶಾಂತವ್ವ ನೀರು ಹರಿಸಿಯೇ ಬೆಳೆ ಕೊಳೆಸಿದಳು ಎಂದು ವರ್ಷವಿಡೀ ಊರ ಬಾವಿಯ ಹತ್ತಿರ ಹೇಳಿಕೊಂಡು ಬಂದವಳು ಇದೇ ನೀಲವ್ವ. ಅವಳು ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಬದುವಿನ ಆ ಕಡೆ ಬಂದು ನಿಂತಳು.

“ಏನ ಶಾಂತವ್ವಾ?”

ಶಾಂತವ್ವ ಸಾಹೇಬರ ಕಡೆ ತಿರುಗಿದಳು. “ಇನ್ನೊಮ್ಮೆ ಹೇಳ್ರಿ ಸಾಹೇಬ್ರ. ಈಕಿಗೆ ಕಿವಿ ಸ್ವಲ್ಪ ಮಂದ, ಎದ್ದು ನಿಂತು ಜೋರಾಗಿ ಹೇಳ್ರಿ.”

ಸಾಹೇಬರು ವಿದ್ಯಾಳ ಮುಖ ನೋಡಿದರು. ವಿದ್ಯಾ ಮಂಡಕ್ಕಿಯ ತಟ್ಟೆ ನೋಡಿದಳು. ಅವರು ಎದ್ದು, ಪ್ಯಾಂಟಿನ ಧೂಳು ಕೊಡವಿ, ಗಂಟಲು ಸರಿಮಾಡಿಕೊಂಡು, ನಾಲ್ಕು ಹೊಲಗಳಿಗೆ ಕೇಳುವ ಹಾಗೆ ಅದೇ ಮಾತನ್ನು ಮೊದಲಿನಿಂದ ಹೇಳಿದರು.

“ನನ್ನ ಕಿವಿಗೆ ಏನಾಗೈತೆ, ಛಲೋ ಕೇಳ್ತಾವ,” ಎಂದಳು ನೀಲವ್ವ.

“ಕೇಳ್ತಾವಲ್ಲ? ಬಾ ಹಂಗಾರ, ಮಿರ್ಚಿ ಆರಾಕತ್ತಾವ,” ಎಂದು ಶಾಂತವ್ವ ಬದು ದಾಟಲು ಅವಳಿಗೆ ಕೈ ಕೊಟ್ಟಳು.